ತೆಂಗಿನ ಸೀಮೆಯ ಚಿತ್ರ, ಜಾಲದ ಕೊಂಡಿ

ಅಮ್ಮಸಂದ್ರದ ಹೆಸರನ್ನು ಹೊರಗಿನವರು ಕೇಳಿರುವುದು ಸಿಮೆಂಟ್ ಕಾರ್ಖಾನೆಯಿಂದ. ಕಾರ್ಖಾನೆಯ ಕಾಂಪೌಂಡು ದಾಟಿದರೆ ಮಾತ್ರ ಅದು ತೆಂಗಿನ ಊರು. ತುರುವೇಕೆರೆ, ತಿಪಟೂರು, ಚಿಕ್ಕನಾಯಕನಹಳ್ಳಿ ಯಾವ ಕಡೆಗೆ ಹೊರಟರೂ ರಸ್ತೆಯ ಎರಡೂ ಬದಿಗೆ ತೋಟಗಳು, ಮನೆಗಳ ಅಟ್ಟದಲ್ಲಿ ಒಣಗುತ್ತಿರುವ ಕಾಯಿ. ಈ ಸೀಮೆಯಲ್ಲಿ ಉಂಡೆ ಕೊಬ್ಬರಿ, ಗಾಣದ ಎಣ್ಣೆ, ನಾರು, ತೆಂಗಿನ ಸಸಿ ಮಾರುವವರು ಈಗ ಸ್ವಂತ ಜಾಲತಾಣ ಮಾಡಿಸಿಕೊಳ್ಳುತ್ತಿದ್ದಾರೆ. ಮಾಡಿಕೊಡುವವರು ಹೇಳುವ ಮಾತು ಹೆಚ್ಚುಕಡಿಮೆ ಒಂದೇ: ಚೆಂದದ ಫೋಟೊ ಹಾಕಿ, ಅಂಕಿಅಂಶಗಳನ್ನು ಬಣ್ಣದ ಇನ್ಫೋಗ್ರಾಫಿಕ್ ಮಾಡಿ ಹಾಕಿ, ಅದನ್ನು ನೋಡಿದವರು ನಿಮ್ಮ ತಾಣಕ್ಕೆ ಲಿಂಕ್ ಕೊಡುತ್ತಾರೆ, ಲಿಂಕ್ ಹೆಚ್ಚಿದಷ್ಟೂ ಗೂಗಲ್‌ನಲ್ಲಿ ಮೇಲೆ ಬರುತ್ತೀರಿ.

ಹತ್ತು ಹದಿನೈದು ವರ್ಷಗಳ ಹಿಂದೆ ಈ ಮಾತು ಬಹುಮಟ್ಟಿಗೆ ನಿಜವಾಗಿತ್ತು. ಈಗ ಅದರಲ್ಲಿ ಒಂದು ಭಾಗವಷ್ಟೇ ನಿಜ. ಯಾವ ಭಾಗ ಉಳಿದಿದೆ, ಯಾವುದು ಹೋಗಿದೆ ಎಂಬುದು ರೈತರ ದುಡ್ಡಿನ ಪ್ರಶ್ನೆ. ಅದನ್ನು ತಿಳಿಯಲು ಕೊಂಡಿಗೆ ಬೆಲೆ ಬಂದದ್ದು ಹೇಗೆ ಎಂಬಲ್ಲಿಂದ ಶುರುಮಾಡಬೇಕು.

ಒಂದು ಸಂಶೋಧನಾ ಪ್ರಬಂಧ ಎಷ್ಟು ಮುಖ್ಯ ಎಂದು ಅಳೆಯಲು, ಅದನ್ನು ಬೇರೆ ಎಷ್ಟು ಪ್ರಬಂಧಗಳು ಉಲ್ಲೇಖಿಸಿವೆ ಎಂದು ಎಣಿಸುವ ಪದ್ಧತಿ ವಿಜ್ಞಾನಿಗಳಲ್ಲಿ ಮೊದಲೇ ಇತ್ತು. ಯೂಜೀನ್ ಗಾರ್ಫೀಲ್ಡ್ 1964ರಲ್ಲಿ ಹೊರತಂದ ಸೈನ್ಸ್ ಸೈಟೇಶನ್ ಇಂಡೆಕ್ಸ್ ಇದೇ ಎಣಿಕೆಯ ಮೇಲೆ ನಿಂತಿತ್ತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿಗಳಾಗಿದ್ದ ಸರ್ಗೆ ಬ್ರಿನ್ ಮತ್ತು ಲ್ಯಾರಿ ಪೇಜ್ 1998ರಲ್ಲಿ ಆ ವಿಚಾರವನ್ನು ಜಾಲಪುಟಗಳಿಗೆ ಹೊಂದಿಸಿದರು. ಒಂದು ಪುಟ ಇನ್ನೊಂದು ಪುಟಕ್ಕೆ ಕೊಂಡಿ ಕೊಟ್ಟರೆ ಅದನ್ನು ಉಲ್ಲೇಖವೆಂದು ಎಣಿಸಬಹುದು. ಆದರೆ ಎಲ್ಲ ಉಲ್ಲೇಖಗಳಿಗೂ ಒಂದೇ ತೂಕವಿಲ್ಲ. ನಮ್ಮಲ್ಲಿ ಬಿತ್ತನೆ ಕಾಯಿಗೆ ಯಾವ ತೋಟಕ್ಕೆ ಹೋಗಬೇಕೆಂದು ಹತ್ತು ಜನರನ್ನು ಕೇಳುತ್ತೇವೆ. ನಲವತ್ತು ವರ್ಷ ತೆಂಗು ಬೆಳೆಸಿದವರು ಒಂದೇ ತೋಟದ ಹೆಸರು ಹೇಳಿದರೆ ಅದಕ್ಕಿರುವ ಬೆಲೆ, ಸಿಕ್ಕಸಿಕ್ಕ ಇಪ್ಪತ್ತು ತೋಟ ಹೆಸರಿಸುವವರ ಮಾತಿಗೆ ಇರುವುದಿಲ್ಲ. ಪೇಜ್‌ರ‍್ಯಾಂಕ್ ಎಂಬ ಅವರ ಲೆಕ್ಕ ಇದನ್ನೇ ಗಣಿತವಾಗಿ ಬರೆದದ್ದು.

ಲೆಕ್ಕ ಕಷ್ಟದ್ದಲ್ಲ. ಒಬ್ಬ ಓದುಗ ಕಣ್ಣುಮುಚ್ಚಿ ಕೊಂಡಿಯಿಂದ ಕೊಂಡಿಗೆ ಹಾರುತ್ತಾ ಹೋಗುತ್ತಾನೆ ಎಂದುಕೊಳ್ಳಿ. 100 ಸಲದಲ್ಲಿ 85 ಸಲ ಆ ಪುಟದಲ್ಲಿರುವ ಯಾವುದೋ ಒಂದು ಕೊಂಡಿ ಹಿಡಿಯುತ್ತಾನೆ. ಉಳಿದ 15 ಸಲ ಬೇಸತ್ತು ಎಲ್ಲೋ ಬೇರೆ ಪುಟ ತೆರೆಯುತ್ತಾನೆ. ಹೀಗೆ ಬಹುಕಾಲ ಅಲೆದರೆ ಅವನು ಯಾವ ಪುಟದಲ್ಲಿ ಹೆಚ್ಚು ಹೊತ್ತು ಸಿಗುತ್ತಾನೋ ಅದರ ತೂಕ ಹೆಚ್ಚು. 60ರ ತೂಕದ ಪುಟವೊಂದು ಆರು ಕೊಂಡಿ ಕೊಟ್ಟರೆ ಪ್ರತಿಯೊಂದಕ್ಕೂ 8.5ರಷ್ಟು ಪಾಲು ಹೋಗುತ್ತದೆ. ಅದೇ ಪುಟ 600 ಕೊಂಡಿ ಕೊಟ್ಟರೆ ಪಾಲು 0.085ಕ್ಕೆ ಇಳಿಯುತ್ತದೆ. ಯಾರಿಗೆ ಬೇಕಾದರೂ ಕೊಂಡಿ ಕೊಡುವ ಪಟ್ಟಿಪುಟಗಳಲ್ಲಿ ಹೆಸರು ಸೇರಿಸಿಕೊಂಡು ಸಿಗುವುದು ಇಷ್ಟೇ. ಗೂಗಲ್ ಈಗ ನೂರಾರು ಬೇರೆ ಸೂಚನೆಗಳನ್ನೂ ಸೇರಿಸಿಕೊಂಡಿದೆ. ಕೊಂಡಿಗಳು ಮೊದಲ ಮೂರು ಅಂಶಗಳಲ್ಲಿ ಒಂದು ಎನ್ನುವ ಕಾಲ ಮುಗಿದಿದೆ ಎಂದು ಅಲ್ಲಿನ ಗ್ಯಾರಿ ಇಲ್ಯೆಸ್ 2023ರಲ್ಲಿ ಹೇಳಿದರು. ಆದರೂ ಕೊಂಡಿಯ ಎಣಿಕೆ ನಿಂತಿಲ್ಲ.

ಚಿತ್ರ ಈ ಲೆಕ್ಕದೊಳಗೆ ಬಂದದ್ದು ಬೇರೆ ದಾರಿಯಿಂದ. ಜಾಲಪುಟದಲ್ಲಿ ಚಿತ್ರ ಕೂರಿಸುವ ಗುರುತನ್ನು ಮಾರ್ಕ್ ಆಂಡ್ರೀಸನ್ ಸೂಚಿಸಿದ್ದು 1993ರ ಫೆಬ್ರವರಿಯಲ್ಲಿ. ಅದೇ ವರ್ಷ ಅವರ ಮೊಸಾಯಿಕ್ ಬ್ರೌಸರಿನಲ್ಲಿ ಅಕ್ಷರದ ಪಕ್ಕದಲ್ಲೇ ಚಿತ್ರ ಕಾಣಿಸಿತು. ಗೂಗಲ್ 2001ರಲ್ಲಿ ಚಿತ್ರಗಳಿಗೆಂದೇ ಪ್ರತ್ಯೇಕ ಹುಡುಕಾಟ ತೆರೆಯಿತು. 2009ರಿಂದ ನಾಲ್ಕೈದು ವರ್ಷ ಇನ್ಫೋಗ್ರಾಫಿಕ್‌ಗಳ ಸುಗ್ಗಿ. ಉದ್ದನೆಯ ಒಂದು ಚಿತ್ರ, ಅದರಲ್ಲಿ ಹತ್ತಾರು ಅಂಕಿಗಳು, ಕೆಳಗೆ ‘ನಿಮ್ಮ ತಾಣದಲ್ಲೂ ಹಾಕಿಕೊಳ್ಳಿ’ ಎಂಬ ಸಾಲಿನ ಜತೆಗೆ ನಕಲು ಮಾಡಿಕೊಳ್ಳಲು ಒಂದು ಸಂಕೇತದ ತುಣುಕು. ನಕಲು ಮಾಡಿದವರ ಪುಟದಲ್ಲಿ ಚಿತ್ರದ ಜತೆ ಮೂಲ ತಾಣದ ಕೊಂಡಿಯೂ ಕೂರುತ್ತಿತ್ತು. ಒಂದು ಚಿತ್ರ ಸಾವಿರ ಕಡೆ ಹೋದರೆ ಸಾವಿರ ಕೊಂಡಿ. ಹಲ್ಲುಜ್ಜುವ ವಿಷಯದ ಚಿತ್ರದೊಳಗೆ ಸಾಲ ಕೊಡುವ ಕಂಪನಿಯ ಕೊಂಡಿ ಅಡಗಿಸಿಟ್ಟವರೂ ಇದ್ದರು.

ಇದು ಎಷ್ಟು ದಿನ ನಡೆದೀತು? ಚಿತ್ರ ಹಾಕಿಕೊಂಡವರು ಆ ಕೊಂಡಿಯನ್ನು ಓದಿ, ಒಪ್ಪಿ ಕೊಟ್ಟಿರಲಿಲ್ಲ. ಕೊಟ್ಟವರ ತೀರ್ಮಾನವೇ ಇಲ್ಲದ ಮೇಲೆ ಉಲ್ಲೇಖಕ್ಕೆ ಅರ್ಥವಿಲ್ಲ. ಪೇಜ್‌ರ‍್ಯಾಂಕಿನ ಬುನಾದಿಯೇ ಆ ತೀರ್ಮಾನ. 2012ರ ಏಪ್ರಿಲ್‌ನಲ್ಲಿ ಗೂಗಲ್ ಪೆಂಗ್ವಿನ್ ಎಂಬ ಬದಲಾವಣೆ ತಂದು ಕೃತಕ ಕೊಂಡಿಗಳ ತಾಣಗಳನ್ನು ಕೆಳಗಿಳಿಸಿತು. ಇನ್ಫೋಗ್ರಾಫಿಕ್ ಮೂಲಕ ಬರುವ ಕೊಂಡಿಗಳ ತೂಕವನ್ನೂ ಮುಂದೆ ಇಳಿಸಿದರೆ ಅಚ್ಚರಿಪಡಬೇಡಿ ಎಂಬ ಅರ್ಥದ ಮಾತನ್ನು ಅಲ್ಲಿ ಜಾಲಕಸದ ತಡೆಯ ಹೊಣೆ ಹೊತ್ತಿದ್ದ ಮ್ಯಾಟ್ ಕಟ್ಸ್ ಅದೇ ವರ್ಷ ಆಡಿದರು. ಅದಕ್ಕೂ ಮೊದಲು, 2005ರಲ್ಲಿ, ‘ಈ ಕೊಂಡಿಯನ್ನು ಎಣಿಸಬೇಡಿ’ ಎಂದು ಹುಡುಕುಯಂತ್ರಕ್ಕೆ ತಿಳಿಸುವ ನೋಫಾಲೋ ಗುರುತು ಬಂದಿತ್ತು. ವಿಕಿಪೀಡಿಯ 2007ರಲ್ಲಿ ತನ್ನ ಎಲ್ಲ ಹೊರಕೊಂಡಿಗಳಿಗೂ ಅದನ್ನು ಅಂಟಿಸಿತು. 2018ರ ಫೆಬ್ರವರಿಯಲ್ಲಿ ಗೂಗಲ್ ತನ್ನ ಚಿತ್ರ ಹುಡುಕಾಟದಿಂದ, ಮೂಲಪುಟಕ್ಕೆ ಹೋಗದೆ ನೇರವಾಗಿ ಚಿತ್ರ ತೆರೆಯುವ ಗುಂಡಿಯನ್ನು ತೆಗೆದುಹಾಕಿತು. ಅದು ಚಿತ್ರ ತೆಗೆದವರ ಪರವಾದ ಹೆಜ್ಜೆ. ಅಷ್ಟರಲ್ಲಿ ಚಿತ್ರಗಳು ಜಾಲಪುಟ ಬಿಟ್ಟು ವಾಟ್ಸ್‌ಆ್ಯಪ್ ಸೇರಿದ್ದವು. ಕನ್ನಡದಲ್ಲಂತೂ ಕೃಷಿಯ ಚಿತ್ರಗಳ ಓಡಾಟ ಹೆಚ್ಚಾಗಿ ಅಲ್ಲೇ. ಒಂದು ಗುಂಪಿನಿಂದ ಇನ್ನೊಂದಕ್ಕೆ ಹೋಗುವ ಚಿತ್ರ ಸಾವಿರಾರು ಜನರನ್ನು ಮುಟ್ಟಬಹುದು. ಕೊಂಡಿಯ ಲೆಕ್ಕದಲ್ಲಿ ಅದು ಸೊನ್ನೆ.

ಹಾಗಾದರೆ ಈಗ ಯಾವ ಚಿತ್ರಕ್ಕೆ ಕೊಂಡಿ ಬರುತ್ತದೆ? ಬರೆಯುತ್ತಿರುವವನಿಗೆ ತನ್ನ ವಾಕ್ಯ ನಿಲ್ಲಿಸಲು ಯಾವ ಚಿತ್ರ ಬೇಕೇ ಬೇಕೋ, ಮತ್ತು ಅದು ಬೇರೆಲ್ಲೂ ಸಿಗುವುದಿಲ್ಲವೋ, ಅದಕ್ಕೆ. ನಾನು ನೋಡಿದ ಉದಾಹರಣೆಗಳೆಲ್ಲ ಇದನ್ನೇ ಹೇಳುತ್ತವೆ. ಬ್ರಿಟನ್ನಿನ ರೆಡಿಂಗ್ ವಿಶ್ವವಿದ್ಯಾಲಯದ ಹವಾಮಾನ ವಿಜ್ಞಾನಿ ಎಡ್ ಹಾಕಿನ್ಸ್ 2018ರಲ್ಲಿ ರೂಪಿಸಿದ ‘ತಾಪದ ಪಟ್ಟೆಗಳು’ ನೋಡಿ. ಒಂದು ವರ್ಷಕ್ಕೆ ಒಂದು ಪಟ್ಟೆ, ತಂಪು ವರ್ಷಕ್ಕೆ ನೀಲಿ, ಬಿಸಿ ವರ್ಷಕ್ಕೆ ಕೆಂಪು, ಅಕ್ಷರವಿಲ್ಲ, ಅಂಕಿಯಿಲ್ಲ. ಹಿಂದೆ ಇರುವುದು ನೂರು ವರ್ಷಕ್ಕೂ ಮೀರಿದ ತಾಪಮಾನದ ದಾಖಲೆ. ಯಾರು ಬೇಕಾದರೂ ಹೆಸರು ಹೇಳಿ ಬಳಸಬಹುದಾದ ಮುಕ್ತ ಪರವಾನಗಿಯಲ್ಲಿ ಅದನ್ನು ಬಿಟ್ಟದ್ದರಿಂದ ಪತ್ರಿಕೆ, ಶಾಲೆ, ವಸ್ತುಸಂಗ್ರಹಾಲಯಗಳೆಲ್ಲ ಅದನ್ನು ತೋರಿಸಿ ಮೂಲವನ್ನು ಹೆಸರಿಸಿದವು.

ನಮ್ಮಲ್ಲೂ ಅಂಥದ್ದು ಇದೆ. ಬೆಂಗಳೂರಿನ ಮಿಥಿಕ್ ಸೊಸೈಟಿ 1909ರಲ್ಲಿ ಹುಟ್ಟಿದ ಸಂಸ್ಥೆ. ಅದು 2021ರಿಂದ ಬೆಂಗಳೂರು ಸುತ್ತಮುತ್ತಲ ಶಾಸನಗಳನ್ನು ಮೂರು ಆಯಾಮದ ಸ್ಕ್ಯಾನರಿನಿಂದ ದಾಖಲಿಸುತ್ತಿದೆ. ಸ್ಕ್ಯಾನರ್ ಕಲ್ಲಿನ ಮೇಲೆ ಬೆಳಕಿನ ವಿನ್ಯಾಸ ಬೀರಿ, ಅದು ಎಲ್ಲೆಲ್ಲಿ ಬಾಗಿತು ಎಂಬುದರಿಂದ ಮೇಲ್ಮೈಯ ಏರಿಳಿತವನ್ನು ಅಳೆಯುತ್ತದೆ. ಸವೆದು ಬರಿಗಣ್ಣಿಗೆ ಕಾಣದ ಅಕ್ಷರದ ತಗ್ಗು ಗಣಕದ ಪರದೆಯ ಮೇಲೆ ನೆರಳಾಗಿ ಎದ್ದುಬರುತ್ತದೆ. ಹೆಬ್ಬಾಳದಲ್ಲಿ ಸಿಕ್ಕ, ಸುಮಾರು ಕ್ರಿ.ಶ. 750ರದೆಂದು ಗುರುತಿಸಿರುವ ಕಿತ್ತಯ್ಯನ ಶಾಸನವನ್ನೂ ಹೀಗೆ ದಾಖಲಿಸಿದ್ದಾರೆ. ಈ ಚಿತ್ರಗಳನ್ನು ವಿಕಿಮೀಡಿಯ ಕಾಮನ್ಸ್‌ನಲ್ಲಿ ಮುಕ್ತವಾಗಿ ಇಟ್ಟಿದ್ದಾರೆ. ಬೆಂಗಳೂರಿನ ಹಳೆಯ ಊರುಗಳ ಬಗ್ಗೆ ಬರೆಯುವವರಿಗೆ ಈ ಚಿತ್ರಗಳನ್ನು ಬಿಟ್ಟು ಬರೆಯುವುದು ಕಷ್ಟ, ಏಕೆಂದರೆ ಶಾಸನದ ಪಾಠ ಸರಿಯೇ ಎಂದು ಓದುಗನೇ ನೋಡಿಕೊಳ್ಳಬಹುದಾದ ಜಾಗ ಅದು.

ನಮ್ಮ ಸೀಮೆಗೂ ಈ ಕೆಲಸ ಬಾಕಿ ಇದೆ. ಅರಳಗುಪ್ಪೆಯ ಚೆನ್ನಕೇಶವ ದೇವಾಲಯದ ಹೊರನೋಟ, ಅಲ್ಲಿನ ಕಲ್ಲೇಶ್ವರನ ಛಾವಣಿಯ ನಟರಾಜ, ತುರುವೇಕೆರೆಯ ನಂದಿ ಇವುಗಳ ಫೋಟೊಗಳು ಜಾಲದಲ್ಲಿ ಬೇಕಾದಷ್ಟಿವೆ. ಇನ್ನೊಂದು ಹಾಕಿದರೆ ಯಾರೂ ಕೊಂಡಿ ಕೊಡುವುದಿಲ್ಲ. ತುಮಕೂರು ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸ್ 1904ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ 12ನೇ ಸಂಪುಟವಾಗಿ ಪ್ರಕಟಿಸಿದರು. ಆ ಸಂಪುಟದ ಶಾಸನಸಂಖ್ಯೆಯ ಜತೆಗೆ, ಕಲ್ಲು ಈಗ ಎಲ್ಲಿದೆ, ಹೇಗಿದೆ ಎಂದು ಓರೆಬೆಳಕಿನಲ್ಲಿ ತೆಗೆದ ಫೋಟೊ ಹಾಕಿದರೆ ಅದಕ್ಕೆ ಬೆಲೆ ಇದೆ. ಬೆಳಗ್ಗೆ ಅಥವಾ ಸಂಜೆ, ಬಿಸಿಲು ಕಲ್ಲಿನ ಮೇಲೆ ಅಡ್ಡ ಬೀಳುವಾಗ ತೆಗೆದ ಒಂದು ಚಿತ್ರ ನಡುಮಧ್ಯಾಹ್ನದ ಹತ್ತು ಚಿತ್ರಗಳಿಗಿಂತ ಹೆಚ್ಚು ಅಕ್ಷರ ತೋರಿಸುತ್ತದೆ.

ಆದರೆ ಇಲ್ಲಿ ಜಾಲತಾಣ ಮಾಡಿಸುವವರಲ್ಲಿ ಹೆಚ್ಚಿನವರು ತೆಂಗಿನವರು. ನನಗೆ ಹೆಚ್ಚು ಆಸೆ ಇರುವುದೂ ಅಲ್ಲೇ. ತೆಂಗಿನ ರೋಗ, ಕೀಟಗಳು ಚಿತ್ರವಿಲ್ಲದೆ ಹೇಳಲಾಗದ ವಿಷಯ.

ನುಸಿಯನ್ನು ತೆಗೆದುಕೊಳ್ಳಿ. ಮೊದಲು ಮೆಕ್ಸಿಕೋದ ಗೆರೆರೋ ಪ್ರಾಂತ್ಯದ ಮಾದರಿಗಳಿಂದ 1965ರಲ್ಲಿ ವಿವರಿಸಿದ ಈ ಜೀವಿ ಭಾರತದಲ್ಲಿ ಕಾಣಿಸಿದ್ದು 1998ರಲ್ಲಿ, ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ. ಮುಂದಿನ ಕೆಲವೇ ವರ್ಷಗಳಲ್ಲಿ ಕರ್ನಾಟಕದ ತೋಟಗಳನ್ನೂ ಮುತ್ತಿತು. ಅದರ ಉದ್ದ ಮಿಲಿಮೀಟರಿನ ಕಾಲು ಭಾಗದಷ್ಟು. ಎಳೆಗಾಯಿಯ ತೊಟ್ಟಿಗೆ ಅಂಟಿಕೊಂಡಿರುವ ದಳಗಳ ಅಡಿಯಲ್ಲಿ ಅಡಗಿ ರಸ ಹೀರುವುದರಿಂದ ರೈತನ ಕಣ್ಣಿಗೆ ಬೀಳುವುದೇ ಇಲ್ಲ. ಕಾಣುವುದು ಅದು ಮಾಡಿದ ಗಾಯ: ದಳದ ಅಂಚಿನಿಂದ ಕೆಳಗಿಳಿಯುವ ಮಸುಕು ಹಳದಿಯ ಮೂರುಮೂಲೆಯ ಕಲೆ, ಕಾಯಿ ಬಲಿತಂತೆ ಕಂದಾಗಿ ಬಿರುಕುಬಿಟ್ಟ ಸಿಪ್ಪೆ, ಕೊನೆಗೆ ಸೊರಗಿದ ಕಾಯಿ. ಹಳದಿ ಕಲೆಯ ಹಂತದಲ್ಲೇ ಗುರುತಿಸಿದವನಿಗೆ ಸಮಯವಿದೆ. ಆ ಹಂತದ ಸ್ಪಷ್ಟ ಚಿತ್ರವನ್ನು, ಅದೇ ಗೊನೆಯ ಕಾಯಿ ತಿಂಗಳು ತಿಂಗಳು ಹೇಗೆ ಬದಲಾಯಿತು ಎಂಬ ಸರಣಿಯನ್ನು, ನಮ್ಮ ಸೀಮೆಯ ತಿಪಟೂರು ಟಾಲ್ ತಳಿಯ ಮರದಲ್ಲೇ ತೆಗೆದವರಿದ್ದರೆ, ತೋಟಗಾರಿಕೆ ವಿದ್ಯಾರ್ಥಿಯಿಂದ ಹಿಡಿದು ಪತ್ರಕರ್ತರವರೆಗೆ ಅದನ್ನು ತೋರಿಸದೆ ಬೇರೆ ದಾರಿಯಿಲ್ಲ.

ಇನ್ನೊಂದು ಗೊಂದಲ ಮರದ ಬುಡದಲ್ಲಿ. ಕಾಂಡದಿಂದ ಕಂದುಕೆಂಪು ರಸ ಸೋರಿದರೆ ಅದು ಕಾಂಡ ಸೋರುವ ರೋಗವೂ ಆಗಿರಬಹುದು, ಅಣಬೆ ರೋಗವೂ ಆಗಿರಬಹುದು. ಎರಡಕ್ಕೂ ಕಾರಣವಾದ ಶಿಲೀಂಧ್ರಗಳು ಬೇರೆ, ಮರದ ಹಣೆಬರಹವೂ ಬೇರೆ. ಕಾಂಡ ಸೋರುವ ರೋಗದಲ್ಲಿ ತೊಗಟೆಯ ಬಿರುಕುಗಳಿಂದ ಅಲ್ಲಲ್ಲಿ ರಸ ಒಸರುತ್ತದೆ. ಕೊಳೆತ ಭಾಗವನ್ನು ಕೆತ್ತಿ ಔಷಧಿ ಬಳಿದರೆ ಮರ ಚೇತರಿಸಿಕೊಳ್ಳಬಹುದು. ಅಣಬೆ ರೋಗದಲ್ಲಿ ಸೋರುವಿಕೆ ಬುಡದಿಂದ ಶುರುವಾಗಿ ಮೇಲೇರುತ್ತದೆ, ಬೇರು ಕೊಳೆತಿರುತ್ತದೆ, ಗರಿಗಳು ಜೋತುಬೀಳುತ್ತವೆ, ಬುಡದಲ್ಲಿ ಅಣಬೆ ಏಳುವ ಹೊತ್ತಿಗೆ ಸಾಮಾನ್ಯವಾಗಿ ಮರ ಕೈಬಿಟ್ಟಿರುತ್ತದೆ. ಪಕ್ಕದ ಮರಗಳಿಗೆ ಹರಡದಂತೆ ಸುತ್ತ ಚರಂಡಿ ತೆಗೆದು ಪ್ರತ್ಯೇಕಿಸಬೇಕು. ಒಂದೇ ಎತ್ತರದಿಂದ, ಒಂದೇ ದೂರದಿಂದ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ತೆಗೆದ ಈ ಎರಡು ಮರಗಳ ಜೋಡಿಚಿತ್ರ ಎಷ್ಟು ತೋಟಗಳಿಗೆ ಉಪಯೋಗವಾಗಬಹುದು!

ಬಿಳಿನೊಣದ ವಿಷಯದಲ್ಲಿ ಚಿತ್ರ ತಪ್ಪಾದರೆ ನಷ್ಟವೇ ಆಗುತ್ತದೆ. ಗರಿಯ ಅಡಿಯಲ್ಲಿ ಬಿಳಿ ಮೇಣದ ಸುರುಳಿಯಲ್ಲಿ ಮೊಟ್ಟೆಯಿಡುವ ಹೊಸ ಬಿಳಿನೊಣ ನಮ್ಮ ದೇಶದಲ್ಲಿ ಮೊದಲು ವರದಿಯಾದದ್ದು 2016ರಲ್ಲಿ, ತಮಿಳುನಾಡಿನ ಪೊಳ್ಳಾಚಿಯಿಂದ. ಅದರ ಸಿಹಿ ಅಂಟು ಕೆಳಗಿನ ಗರಿಗಳ ಮೇಲೆ ಬಿದ್ದು ಕಪ್ಪು ಬೂಷ್ಟು ಕಟ್ಟುತ್ತದೆ. ಕಪ್ಪಾದ ತೋಟ ನೋಡಿ ಗಾಬರಿಯಾದವರು ಕೀಟನಾಶಕ ಹೊಡೆಯಲು ಹೊರಡುತ್ತಾರೆ. ಆದರೆ ಎನ್‌ಕಾರ್ಸಿಯ ಎಂಬ ಸಣ್ಣ ಪರತಂತ್ರ ಕಣಜ ಬಿಳಿನೊಣದ ಮರಿಗಳೊಳಗೆ ಮೊಟ್ಟೆಯಿಟ್ಟು ಅದನ್ನು ಹತೋಟಿಗೆ ತರುತ್ತದೆ. ಔಷಧಿ ಹೊಡೆದರೆ ಮೊದಲು ಸಾಯುವುದು ಈ ಗೆಳೆಯ. ಆರೋಗ್ಯವಾಗಿರುವ ಮರಿ ಹೇಗಿರುತ್ತದೆ, ಕಣಜ ಹೊಕ್ಕು ಕಪ್ಪಾದ ಮರಿ ಹೇಗಿರುತ್ತದೆ ಎಂದು ಮೊಬೈಲಿಗೆ ಸಣ್ಣ ಮ್ಯಾಕ್ರೋ ಮಸೂರ ಹಾಕಿ ತೋರಿಸಿದರೆ ರೈತ ತನ್ನ ಗರಿ ಮಗುಚಿ ನೋಡಿ ತೀರ್ಮಾನಿಸಬಹುದು. ಕಪ್ಪುತಲೆ ಹುಳುವಿಗೂ ಇದೇ ಮಾತು. ಬೇಸಿಗೆಯಲ್ಲಿ ಗರಿಗಳು ಸುಟ್ಟಂತೆ ಕಂಡಾಗ ಅದು ನೀರಿನ ಕೊರತೆಯೋ ಹುಳುವೋ ಎಂಬುದು ಎಲೆಯ ಕೆಳಗಿನ ರೇಷ್ಮೆ ಮತ್ತು ಹಿಕ್ಕೆಯ ಸುರಂಗ ನೋಡಿದರೆ ಗೊತ್ತಾಗುತ್ತದೆ. ಹುಳುವಾದರೆ ಗೋನಿಯೋಜಸ್ ಪರತಂತ್ರ ಜೀವಿಗಳನ್ನು ತಂದು ಬಿಡುವುದು ನಮ್ಮವರಿಗೆ ಗೊತ್ತಿರುವ ಉಪಾಯ.

ಇವೆಲ್ಲದರ ಮೂಲಜ್ಞಾನ ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಲ್ಲಿದೆ. 1916ರಲ್ಲಿ ತೆಂಗು ಸಂಶೋಧನಾ ಕೇಂದ್ರವಾಗಿ ಶುರುವಾದದ್ದು ಅದು. ತಿಪಟೂರು ಬಳಿಯ ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರ ಹತ್ತಿರದಲ್ಲೇ ಇದೆ. ಚಿತ್ರ ಹಾಕುವ ಮೊದಲು ಅಂಥವರಿಗೆ ತೋರಿಸಿ ಹೆಸರು ಖಚಿತಪಡಿಸಿಕೊಳ್ಳಬೇಕು. ತಪ್ಪು ಹೆಸರಿನ ರೋಗಚಿತ್ರಕ್ಕೆ ಬರುವ ಕೊಂಡಿ ತಪ್ಪನ್ನೇ ಹರಡುತ್ತದೆ.

ಇಷ್ಟು ಮಾಡಿದ ಮೇಲೂ ಕೆಲಸ ಕೆಡುವುದು ಅಕ್ಷರದ ಕಡೆಯಿಂದ. ಕನ್ನಡದಲ್ಲಿ ಭಿತ್ತಿಪತ್ರ ಮಾಡುವಾಗ ರೋಗದ ಹೆಸರು, ಲಕ್ಷಣ, ಪರಿಹಾರ ಎಲ್ಲವನ್ನೂ ಚಿತ್ರದೊಳಗೇ ಬರೆದು ಒಂದೇ ಕಡತವಾಗಿ ಏರಿಸುತ್ತಾರೆ. ಚಿತ್ರದಲ್ಲಿ ಏನಿದೆ ಎಂದು ಊಹಿಸುವ ಯಂತ್ರಗಳು ಈಗ ಬಂದಿವೆ, ಕನ್ನಡ ಅಕ್ಷರ ಗುರುತಿಸುವ ತಂತ್ರಾಂಶವೂ ಇದೆ. ಆದರೂ ಹುಡುಕುಯಂತ್ರ ಚಿತ್ರದ ವಿಷಯ ತಿಳಿಯಲು ಸುತ್ತಲಿನ ಬರಹವನ್ನು, ಶೀರ್ಷಿಕೆಯನ್ನು, ಚಿತ್ರಕ್ಕೆ ಕೊಡುವ ಬದಲಿ ಪಠ್ಯವನ್ನು ನೆಚ್ಚಿಕೊಳ್ಳುತ್ತದೆ. ಚಿತ್ರವೇ ಕೊಂಡಿಯಾಗಿದ್ದರೆ ಆ ಬದಲಿ ಪಠ್ಯವೇ ಕೊಂಡಿಯ ಮಾತಾಗುತ್ತದೆ. ದೃಷ್ಟಿ ಇಲ್ಲದವರ ಫೋನು ಗಟ್ಟಿಯಾಗಿ ಓದಿ ಹೇಳುವುದೂ ಅದನ್ನೇ. ಯುನಿಕೋಡ್‌ಗೆ ಮುಂಚಿನ ಅಕ್ಷರಶೈಲಿಗಳಲ್ಲಿ ಸಿದ್ಧವಾದ ಎಷ್ಟೋ ಕನ್ನಡ ಕೃಷಿ ಕೈಪಿಡಿಗಳು ಜಾಲದಲ್ಲಿದ್ದೂ ಹುಡುಕಾಟಕ್ಕೆ ಸಿಗುವುದಿಲ್ಲ. ಅದೇ ಗತಿ ಹೊಸ ಚಿತ್ರಗಳಿಗೆ ಬರಬಾರದು. ‘ತೆಂಗಿನ ಅಣಬೆ ರೋಗ, ಬುಡದಿಂದ ಮೂರು ಅಡಿ ಎತ್ತರಕ್ಕೆ ರಸ ಸೋರಿದ ಮರ, ತುರುವೇಕೆರೆ ತಾಲ್ಲೂಕು’ ಎಂದು ಚಿತ್ರದ ಹೊರಗೆ, ಯುನಿಕೋಡ್ ಕನ್ನಡದಲ್ಲಿ ಬರೆದರೆ ಸಾಕು.

ಚಿತ್ರದ ತೂಕವನ್ನೂ ಇಳಿಸಬೇಕು. ಮೊಬೈಲ್ ತೆಗೆದ ನಾಲ್ಕೈದು ಎಂಬಿಯ ಕಡತವನ್ನು ಹಾಗೇ ಹಾಕಿದರೆ ತೋಟದೊಳಗಿನ ಕ್ಷೀಣ ಸಿಗ್ನಲ್ಲಿನಲ್ಲಿ ಪುಟ ತೆರೆಯುವುದಿಲ್ಲ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು ಎಂಬುದು ಗೂಗಲ್ ಹಾಕಿಕೊಂಡಿರುವ ಅಳತೆ. ವೆಬ್‌ಪಿ ರೂಪಕ್ಕೆ ಬದಲಾಯಿಸಿದರೆ ಗಾತ್ರ ಸಾಕಷ್ಟು ಇಳಿಯುತ್ತದೆ. ದೊಡ್ಡ ಮೂಲಚಿತ್ರ ಬೇಕಾದವರಿಗೆ ಪ್ರತ್ಯೇಕವಾಗಿ ಇಡಬಹುದು.

ಪರವಾನಗಿಯ ಮಾತು ಸ್ವಲ್ಪ ವಿವರವಾಗಿ ಹೇಳಬೇಕು. ಅನೇಕರು ಚಿತ್ರದ ನಟ್ಟನಡುವೆ ದೊಡ್ಡದಾಗಿ ಹೆಸರು ಬರೆದು ಕಾಪಾಡಿಕೊಳ್ಳಲು ನೋಡುತ್ತಾರೆ. ಅಂಥ ಚಿತ್ರವನ್ನು ಕದಿಯುವವನು ಹೆಸರು ಕತ್ತರಿಸಿ ಹಾಕುತ್ತಾನೆ. ಪ್ರಾಮಾಣಿಕನು ಬಳಸುವುದೇ ಇಲ್ಲ. ಹೆಸರು ಹೇಳಿ ಬಳಸಿಕೊಳ್ಳಿ ಎನ್ನುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಕೊಟ್ಟರೆ ಪ್ರಾಮಾಣಿಕರ ದಾರಿ ಸುಲಭವಾಗುತ್ತದೆ, ಮತ್ತು ತೂಕವಿರುವ ಕೊಂಡಿ ಬರುವುದು ಅವರಿಂದಲೇ. ಹಾಗೆ ಬಿಟ್ಟ ಚಿತ್ರವನ್ನು ಕಾಮನ್ಸ್‌ಗೂ ಏರಿಸಬಹುದು. ಅಲ್ಲಿ ಈಗ 10 ಕೋಟಿಗೂ ಹೆಚ್ಚು ಕಡತಗಳಿವೆ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯವೂ ಅಲ್ಲಿಂದಲೇ ಚಿತ್ರ ತೆಗೆದುಕೊಳ್ಳುತ್ತದೆ. ವಿಕಿಪೀಡಿಯದ ಕೊಂಡಿಗೆ ನೋಫಾಲೋ ಇರುವುದರಿಂದ ನೇರ ಲಾಭ ಕಡಿಮೆ. ಆದರೆ ಬರಹಗಾರರು ಚಿತ್ರ ಹುಡುಕಲು ಮೊದಲು ಹೋಗುವ ಜಾಗಗಳಲ್ಲಿ ಅದೊಂದು. ಅಲ್ಲಿ ಕಂಡು, ಮೂಲಕ್ಕೆ ಬಂದು, ತಮ್ಮ ಪುಟದಲ್ಲಿ ಕೊಂಡಿ ಕೊಡುವವರಿದ್ದಾರೆ. ನಮ್ಮ ಚಿತ್ರ ಎಲ್ಲೆಲ್ಲಿ ಬಳಕೆಯಾಗಿದೆ ಎಂದು ಚಿತ್ರವನ್ನೇ ಕೊಟ್ಟು ಹುಡುಕುವ ಸೌಲಭ್ಯವಿದೆ. ಹೆಸರು ಬಿಟ್ಟವರಿಗೆ ಎರಡು ಸಾಲಿನ ಸೌಮ್ಯ ಪತ್ರ ಬರೆದರೆ ಕೊಂಡಿ ಸೇರಿಸುವವರೂ ಇರುತ್ತಾರೆ.

ಬಂದ ಕೊಂಡಿ ಉಳಿಯಬೇಕಲ್ಲ. 2013ರಲ್ಲಿದ್ದ ಜಾಲಪುಟಗಳಲ್ಲಿ ಶೇ 38ರಷ್ಟು ಹತ್ತು ವರ್ಷದ ನಂತರ ತೆರೆಯುತ್ತಿರಲಿಲ್ಲ ಎಂದು ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ಲೆಕ್ಕ ಕೊಟ್ಟಿತು. ತಾಣ ನವೀಕರಿಸುವಾಗ ಹಳೆಯ ವಿಳಾಸಗಳನ್ನು ಅಳಿಸುವುದು ಇದಕ್ಕೆ ಒಂದು ದೊಡ್ಡ ಕಾರಣ. ವರ್ಷಗಟ್ಟಲೆ ಕೂಡಿದ ಕೊಂಡಿಗಳು ಒಂದು ಸಂಜೆಯಲ್ಲಿ ಸತ್ತ ವಿಳಾಸದ ಕಡೆ ಬೆರಳು ತೋರುವಂತಾಗುತ್ತದೆ.

ಆದ್ದರಿಂದ ಒಂದೇ ವಿಳಾಸದಲ್ಲಿ ಬೆಳೆಯುತ್ತಾ ಹೋಗುವ ಚಿತ್ರ ಮೇಲು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆ ನಕ್ಷೆಗಳನ್ನು ಪತ್ರಿಕೆಗಳು ಮತ್ತೆ ಮತ್ತೆ ಆಶ್ರಯಿಸುವುದು ಅವು ದಿನದಿನವೂ ಹೊಸದಾಗುವುದರಿಂದ. ತಿಪಟೂರು ಮಾರುಕಟ್ಟೆಯ ಉಂಡೆ ಕೊಬ್ಬರಿ ಧಾರಣೆಗೆ ಅಂಥ ಒಂದು ಗೆರೆಚಿತ್ರ ಬೇಕು. ಕೇಂದ್ರ ಸರ್ಕಾರದ ಬೆಂಬಲ ಬೆಲೆ ಉಂಡೆ ಕೊಬ್ಬರಿಗೆ ಕ್ವಿಂಟಲ್‌ಗೆ 2023ರ ಹಂಗಾಮಿನಲ್ಲಿ 11,750, 2024ರಲ್ಲಿ 12,000, 2025ರಲ್ಲಿ 12,100 ರೂಪಾಯಿ. ಈ ಮೂರು ಮೆಟ್ಟಿಲುಗಳನ್ನು ಒಂದು ಬಣ್ಣದಲ್ಲಿ ಎಳೆದು, ಪ್ರತಿ ಹರಾಜಿನ ದಿನದ ಧಾರಣೆಯನ್ನು ಇನ್ನೊಂದು ಬಣ್ಣದಲ್ಲಿ ಅದರ ಮೇಲೆ ಕೂರಿಸಿದರೆ, ಯಾವ ತಿಂಗಳಲ್ಲಿ ಬೆಳೆಗಾರ ಬೆಂಬಲ ಬೆಲೆಗಿಂತ ಎಷ್ಟು ಕೆಳಗೆ ಮಾರಬೇಕಾಯಿತು, ಯಾವಾಗ ಮೇಲೆದ್ದ ಎಂಬುದು ಒಂದೇ ನೋಟಕ್ಕೆ ಸಿಗುತ್ತದೆ. ದಿನದ ಧಾರಣೆ ಕೃಷಿ ಮಾರಾಟ ಇಲಾಖೆಯ ತಾಣದಲ್ಲಿ ಸಿಗುವ ಅಂಕಿ. ಗೆರೆ ಎಳೆಯಲು ಸ್ಪ್ರೆಡ್‌ಶೀಟ್ ಸಾಕು. ಚಿತ್ರದ ಕೆಳಗೆ ಅಂಕಿಗಳ ಕೋಷ್ಟಕವನ್ನೂ ತೆರೆದಿಟ್ಟು, ವರ್ಷ ಬದಲಾದರೂ ಪುಟದ ವಿಳಾಸ ಬದಲಿಸದೆ, ಮುಂದಿನ ಹರಾಜಿನ ಚುಕ್ಕಿಯನ್ನು ಸೇರಿಸುತ್ತಾ ಹೋಗಬೇಕು.